ಮುಯ್ಯಿಗೆ ಬಂದ ಕಂಪ್ಯೂಟರು

ನಮ್ಮ ಮನೆಯಲ್ಲಿ ನೀರು ಕುಡಿಯುವವರು ಅನಿವಾರ್ಯವಾಗಿ ಓದುಗರೂ ಆಗಬೇಕಾಗುತ್ತದೆ. ಲೋಟ ಎತ್ತಿದರೆ ಅದರ ಕಂಠದಲ್ಲಿ ಚುಕ್ಕಿಚುಕ್ಕಿಯಾಗಿ ಕೆತ್ತಿದ ಯಾರದೋ ಹೆಸರು, ತಟ್ಟೆ ತೊಳೆದರೆ ಅಂಚಿನಲ್ಲಿ ಇನ್ನೊಬ್ಬರ ಹೆಸರು, ಊರು, ಜೊತೆಗೆ 'ಪ್ರೀತಿಯ ಉಡುಗೊರೆ' ಎಂಬ ಒಕ್ಕಣೆ. ಕೃಷ್ಣರಾಜಪೇಟೆಯಲ್ಲಿ ಮೂವತ್ತು ವರ್ಷ ಕಾಲೇಜು ಹುಡುಗರಿಗೆ ಕನ್ನಡ ಹೇಳಿ ನಿವೃತ್ತನಾದ ನನಗೆ ಶಾಸನಾಧ್ಯಯನಕ್ಕಾಗಿ ಅಡುಗೆಮನೆಯ ಹೊಸ್ತಿಲು ದಾಟಿ ಹೊರಗೆ ಹೋಗುವ ಅಗತ್ಯವೇ ಬಿದ್ದಿಲ್ಲ. ಸಮುದಾಯ ಭವನದ ಫ್ಯಾನಿನ ರೆಕ್ಕೆಗಳ ಮೇಲೂ ದಾನಿಗಳ ನಾಮಧೇಯವಿರುತ್ತದೆ; ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ, ಹೆಸರು ಕಾಣಬೇಕಾದರೆ ಸೆಕೆ ತಡೆದುಕೊಳ್ಳಬೇಕು. ಕೊಟ್ಟದ್ದು ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂಬ ಆಸೆಯನ್ನು ನಾನು ಹಳಿಯುವವನಲ್ಲ, ಏಕೆಂದರೆ ಅದು ನನ್ನಲ್ಲೂ ಧಾರಾಳವಾಗಿದೆ. ಎಷ್ಟು ಧಾರಾಳವಾಗಿದೆ ಎಂಬುದು ಕಳೆದ ವರ್ಷ ನನ್ನ ಅಕ್ಕನ ಸೊಸೆಗೆ ಒಂದು ಕಂಪ್ಯೂಟರು ಜೋಡಿಸಲು ಹೊರಟಾಗ ತಿಳಿಯಿತು.

ಅಕ್ಕ ಲಕ್ಷ್ಮಮ್ಮ ಇರುವುದು ಸಿಂಧಘಟ್ಟದಲ್ಲಿ. ಅವಳ ಸೊಸೆ ಸುಮಾ ನಮ್ಮ ಪೇಟೆಯ ಮುದ್ರಣದ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆಗಳನ್ನೂ ಫ್ಲೆಕ್ಸುಗಳನ್ನೂ ವಿನ್ಯಾಸ ಮಾಡುತ್ತಿದ್ದಳು. ಎರಡನೆಯ ಮಗುವಾದ ಮೇಲೆ ದಿನವೂ ಬಸ್ಸು ಹತ್ತಿ ಬರುವುದು ಅವಳಿಂದ ಆಗಲಿಲ್ಲ. ಅಂಗಡಿಯ ಯಜಮಾನ, ಮನೆಯಲ್ಲೇ ಒಂದು ಗಟ್ಟಿ ಕಂಪ್ಯೂಟರು ಇಟ್ಟುಕೊಂಡರೆ ಕೆಲಸವನ್ನು ಅಲ್ಲಿಗೇ ಕಳಿಸುವುದಾಗಿಯೂ, ಆಷಾಢ ಕಳೆದು ಮದುವೆಗಳು ಶುರುವಾಗುವುದರೊಳಗೆ ಅದು ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿಯೂ ಹೇಳಿಬಿಟ್ಟಿದ್ದ. ಸುಮಾಳಿಗೆ ಆ ಕೆಲಸ ಬರೀ ಸಂಬಳದ ಮಾತಾಗಿರಲಿಲ್ಲ. ನೆಂಟರ ಮನೆಗೆ ಹೋದಾಗ ಗೋಡೆಯ ಮೊಳೆಗೆ ಸಿಕ್ಕಿಸಿದ ಲಗ್ನಪತ್ರಿಕೆಯ ಮುಂದೆ ಅವಳು ಒಂದು ಗಳಿಗೆ ನಿಂತು, ತಾನು ಬಿಡಿಸಿದ ಬಳ್ಳಿಯನ್ನು ಬೆರಳಿನಿಂದ ಸವರಿ ಮುಂದೆ ಹೋಗುವುದನ್ನು ನಾನು ಕಂಡಿದ್ದೇನೆ. ಆ ಪತ್ರಿಕೆಯಲ್ಲಿ ಸುಖಾಗಮನ ಬಯಸುವ ನಲವತ್ತು ಬಂಧುಗಳ ಹೆಸರಿದ್ದರೂ ಬಿಡಿಸಿದವಳ ಹೆಸರು ಮಾತ್ರ ಇರುವುದಿಲ್ಲ. ಇದು ಆಗ ನನಗೆ ಹೊಳೆದಿರಲಿಲ್ಲ.

ಸಿದ್ಧವಾಗಿ ಸಿಗುವ ಕಂಪ್ಯೂಟರಿನ ಬೆಲೆ ಅವಳ ಕೈಗೆ ಎಟುಕುವಂತಿರಲಿಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೊಬೈಲಿನಲ್ಲಿ ಹತ್ತಾರು ವೀಡಿಯೊ ನೋಡಿ, ಬಿಡಿಭಾಗಗಳನ್ನು ಆರಿಸಿ ತಂದು ಜೋಡಿಸಿದರೆ ಅದೇ ದುಡ್ಡಿಗೆ ಹೆಚ್ಚು ಬಾಳುವ ಯಂತ್ರವಾಗುತ್ತದೆಂದು ಅವಳು ತೀರ್ಮಾನಿಸಿದಳು. ಸ್ತ್ರೀಶಕ್ತಿ ಸಂಘದಲ್ಲಿ ಕೂಡಿಟ್ಟದ್ದು ಪ್ರೊಸೆಸರಿಗೂ ರ‍್ಯಾಮಿಗೂ ಆಗುವಷ್ಟಿತ್ತು. ರ‍್ಯಾಮಿನ ಬೆಲೆಯಂತೂ ಚಿನ್ನದ ಜೊತೆ ಪಂದ್ಯ ಕಟ್ಟಿದಂತೆ ಏರುತ್ತಿದ್ದ ಕಾಲ. ಅದರ ಎರಡು ಪಟ್ಟಿ ಹಾಕುವ ಜಾಗದಲ್ಲಿ ಈಗ ಒಂದನ್ನೇ ಹಾಕಿ, ಇನ್ನೊಂದು ಜಾಗವನ್ನು ಮುಂದಿನ ವರ್ಷಕ್ಕೆ ಖಾಲಿ ಬಿಡುವುದೆಂದು ಯೋಚಿಸಿದ್ದಳು. ಉಳಿದ ಭಾಗಗಳಿಗೆ ದಾರಿ ತೋರಿಸಿದವಳು ಅಕ್ಕ. ಮಗುವಿನ ನಾಮಕರಣಕ್ಕೆ ಬರುವ ನೆಂಟರು ಹೇಗೂ ಮುಯ್ಯಿ ಮಾಡುತ್ತಾರೆ. ಮೈಗೆ ಆಗದ ಅಂಗಿ, ಮನೆಯಲ್ಲಿ ಜಾಗವಿಲ್ಲದ ಪಾತ್ರೆ ತರುವ ಬದಲು ಒಂದೊಂದು ಮನೆಯವರು ಒಂದೊಂದು ಭಾಗ ತರಲಿ ಎಂದಳು.

ಸುಮಾ ಪಟ್ಟಿ ಬರೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದಳು. ಆಗ ನಡೆದದ್ದನ್ನು ಮನುಷ್ಯಸ್ವಭಾವದ ಬಗ್ಗೆ ಆಸಕ್ತಿಯಿರುವ ಓದುಗರು ಗಮನಿಸಬೇಕು. ಗಾಜಿನ ಮಗ್ಗುಲಿನ, ಬಣ್ಣಬಣ್ಣದ ದೀಪಗಳಿರುವ ಕ್ಯಾಬಿನೆಟ್ಟು ಕೊಡಲು ಮೂರು ಮನೆಯವರು ಮುಂದೆ ಬಂದರು. ಬೆಳಗುವ ಕೀಬೋರ್ಡಿಗೆ ಇಬ್ಬರು. ಸ್ಪೀಕರು ಪಟ್ಟಿಯಲ್ಲೇ ಇರಲಿಲ್ಲ, ಅದಕ್ಕೂ ಒಬ್ಬರು ಸಿಕ್ಕರು. ಸುಮಾಳ ತವರಾದ ಪಾಂಡವಪುರದವರು, ಮದರ್ ಬೋರ್ಡು ಅಂದ ಮೇಲೆ ಅದು ತಾಯಿಯ ಮನೆಯಿಂದಲೇ ಬರಬೇಕಾದದ್ದು ನ್ಯಾಯವೆಂದು ತಾವಾಗಿಯೇ ಒಪ್ಪಿಕೊಂಡರು. ಇವರೆಲ್ಲರಿಗಿಂತ ಮೊದಲು, ಪಟ್ಟಿ ಬಂದ ಎರಡನೆಯ ನಿಮಿಷದಲ್ಲಿ, ಮಾನಿಟರು ನನ್ನದೆಂದು ಬರೆದವನು ನಾನು. ಕಂಪ್ಯೂಟರಿನ ಮುಖವೇ ಅದಲ್ಲವೇ? ಮುಂದೆ ಕೂತವರೆಲ್ಲ ಅದನ್ನೇ ನೋಡುತ್ತಾರೆ, ಮೇಷ್ಟ್ರು ಕೊಟ್ಟದ್ದೆಂದು ಅನ್ನುತ್ತಾರೆ. ಕೊನೆಗೆ ಯಾರೂ ಮುಟ್ಟದೆ ಉಳಿದದ್ದು ಪವರ್ ಸಪ್ಲೈ ಒಂದೇ: ಗೋಡೆಯಿಂದ ಬಂದ ಕರೆಂಟನ್ನು ಹದಗೊಳಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ, ಕ್ಯಾಬಿನೆಟ್ಟಿನ ಮೂಲೆಯಲ್ಲಿ ಅಡಗಿ ಕೂರುವ ಕಪ್ಪು ಡಬ್ಬ.

ಮುಂದಿನ ಸಲ ಸಿಂಧಘಟ್ಟಕ್ಕೆ ಹೋದಾಗ ಅದರ ಬಗ್ಗೆ ನಾನು ವಿದ್ವತ್ಪೂರ್ಣವಾಗಿ ಅಪ್ಪಣೆ ಕೊಡಿಸಿದೆ. ಕ್ಯಾಬಿನೆಟ್ಟಿನ ಜೊತೆಗೆ ಒಂದು ಪವರ್ ಸಪ್ಲೈ ಪುಕ್ಕಟೆ ಬರುತ್ತದಂತೆ, ವಿದ್ಯುತ್ತೆಂಬುದು ಎಲ್ಲಿ ಹರಿದರೂ ವಿದ್ಯುತ್ತೇ, ಆ ಡಬ್ಬಕ್ಕೆ ಖರ್ಚು ಮಾಡುವುದು ದಂಡ ಎಂದೆ. ಸುಮಾ ಏನೋ ಹೇಳಲು ಬಾಯಿ ತೆರೆದು, ಹಿರಿಯರ ಮಾತೆಂದು ಸುಮ್ಮನಾದಳು. ಅವಳ ಕೆಲಸದ ಗತಿ ನನ್ನ ಅಜ್ಞಾನದ ಮೇಲೆ ನಿಂತಿದೆಯೆಂದು ಆಗ ನನಗೆ ಅನ್ನಿಸಲಿಲ್ಲ.

ಆಷಾಢದ ಎರಡನೇ ವಾರ, ನಾಮಕರಣಕ್ಕೆ ಕಾಯದೆ ನೆಂಟರು ಮುಂಗಡವಾಗಿ ಕಳಿಸಿದ ದುಡ್ಡು ಹಿಡಿದು ಸುಮಾ, ಅಕ್ಕ, ನಾನು ಮೂವರೂ ಮೈಸೂರಿನ ಅಂಗಡಿಗೆ ಹೋದೆವು. ಅಕ್ಕ ಬಂದದ್ದು ಚೌಕಾಸಿಗೆ. ಕಂಪ್ಯೂಟರಿನ ಗಂಧಗಾಳಿ ಇಲ್ಲದ ಅವಳು ಪ್ರತಿಯೊಂದು ಭಾಗವನ್ನೂ ಕೈಯಲ್ಲಿ ತೂಗಿ ನೋಡುತ್ತ, ಇದರ ಕೆಲಸವೇನು, ಇದು ಕೆಟ್ಟರೆ ಏನಾಗುತ್ತದೆ ಎಂಬ ಎರಡೇ ಪ್ರಶ್ನೆ ಕೇಳುತ್ತಿದ್ದಳು. ನಿವೃತ್ತ ಉಪನ್ಯಾಸಕನಿಗೆ ಆ ಎರಡನೆಯ ಪ್ರಶ್ನೆ ಒಮ್ಮೆಯೂ ತೋಚಿರಲಿಲ್ಲ. ಪುಕ್ಕಟೆಯ ಡಬ್ಬದ ಸರದಿ ಬಂದಾಗ ಅದು ಅವಳ ಕೈಗೆ ಹಗುರವೆನಿಸಿತು. ಅಂಗಡಿಯವನು ಪ್ರಾಮಾಣಿಕ, ಪಟ್ಟಣದಲ್ಲಾದರೆ ಹೇಗೋ ನಡೆದೀತು, ಕರೆಂಟು ಏರಿಳಿಯುವ ಕಡೆ ಇದು ಸುಟ್ಟರೆ ತನ್ನ ಜೊತೆ ಉಳಿದವನ್ನೂ ಸುಡಬಹುದು ಎಂದು ಬಾಯಿಬಿಟ್ಟು ಹೇಳಿದ. ಒಳ್ಳೆಯದು ಬೇಕೆಂದರೆ ಇದೆ, ಕರೆಂಟು ಅರ್ಧಕ್ಕೆ ಇಳಿದರೂ ತಡೆದುಕೊಳ್ಳುತ್ತದೆ, ಆದರೆ ಬೆಲೆ ಹೆಚ್ಚು ಎಂದು ಇನ್ನೊಂದು ಪೆಟ್ಟಿಗೆಯನ್ನು ಮುಂದಿಟ್ಟ.

ಸಿಂಧಘಟ್ಟದಲ್ಲಿ ಪಂಪ್‌ಸೆಟ್ಟುಗಳಿಗೆ ಕರೆಂಟು ಬಿಟ್ಟರೆ ಸಾಕು, ಮನೆಯ ಬಲ್ಬು ಮಂಕಾಗುತ್ತದೆ. ಇದು ನನಗೂ ಗೊತ್ತಿದ್ದ ವಿಷಯ. ಆದರೂ ಮಾನಿಟರಿಗೆಂದು ತಂದ ಹಣ ನನ್ನ ಜೇಬಿನಲ್ಲಿ ಬೆಚ್ಚಗಿತ್ತು, ನಾನು ಗೋಡೆಯ ಮೇಲಿನ ಮಾನಿಟರುಗಳನ್ನು ನೋಡುತ್ತ ನಿಂತಿದ್ದೆ. ಅಕ್ಕ ಪಕ್ಕಕ್ಕೆ ಬಂದು, ಅಂಗಡಿಯವನಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು:

"ನಿಮ್ ಭಾವ ಇದ್ದಾಗ ಮೂರು ಕಿತ ಬೋರಿನ ಮೋಟ್ರು ಸುಟ್ಟೋಯ್ತು, ಗ್ಯಾಪ್ಕ ಇದ್ದದಾ? ಮೋಟ್ರೇನೋ ಒಳ್ಳೇದೇ ತಂದಿದ್ರು ಕಣ್ಲಾ. ಸ್ಟಾರ್ಟರು ಯಾರ ಕಣ್ಗೆ ಕಾಣ್ತದೆ ಅಂತ ಅಗ್ಗದ್ದು ತಂದ್ಬುಟ್ರು. ಇದೂ ಅಂಗೇ ಸುಟ್ಟೋದ್ರೆ ಈ ಹೆಣ್ಣಿನ ಕೆಲ್ಸ ಎಲ್ಲಿಂದ ತಂದ್ಕೊಡ್ತೀಯ?"

ನಾನು ಮಾನಿಟರು ಇಲ್ಲದೆ ಹೇಗೆ ಎಂದು ಗೊಣಗಿದೆ. ಅಕ್ಕ ಅದಕ್ಕೂ ಉತ್ತರ ಇಟ್ಟುಕೊಂಡೇ ಬಂದಿದ್ದಳೇನೋ.

"ಮನೇಲಿ ಟೀವಿ ಐತಲ್ಲ, ಅದನ್ನೇ ಸಿಕ್ಕಿಸ್ಕಳ್ಳಿ. ನಾನು ಧಾರಾವಾಹಿ ನೋಡ್ದಿದ್ರೆ ಯಾರ ಮನೆ ಮುಳ್ಗೋಯ್ತದೆ?"

ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬಂದು, ಕಾಲು ಚಾಚಿ ಕೂತು ಅವಳು ಧಾರಾವಾಹಿ ನೋಡುವ ಆ ಒಂದು ಗಂಟೆಯನ್ನು ನಾನು ಬಲ್ಲೆ. ದಿನದಲ್ಲಿ ಯಾರೂ ಅವಳನ್ನು ಕರೆಯದ ಹೊತ್ತು ಅದೊಂದೇ. ನನಗೆ ನಾಚಿಕೆಯಾಯಿತು. ಒಳ್ಳೆಯ ಡಬ್ಬಕ್ಕೆ ದುಡ್ಡು ಕೊಟ್ಟು, ಉಳಿದದ್ದರಲ್ಲಿ ಟೀವಿಗೂ ಕಂಪ್ಯೂಟರಿಗೂ ನಡುವೆ ಹಾಕುವ ಕೇಬಲ್ಲು ಕೊಂಡೆ. ಗುಂಪಿನಲ್ಲಿ ಇದನ್ನು ಬರೆಯಲು ಎರಡು ಸಲ ಮೊಬೈಲು ತೆಗೆದು ಎರಡು ಸಲವೂ ಒಳಗಿಟ್ಟೆನೆಂಬುದು ನಿಜ. ಆದರೆ ಈಗ ಇಲ್ಲಿ ಬರೆದು ಅಚ್ಚಿಗೆ ಕಳಿಸುತ್ತಿರುವುದರಿಂದ ನನ್ನ ಸಂಯಮವನ್ನು ಓದುಗರು ಬಹಳ ಹೊಗಳಬೇಕಾಗಿಲ್ಲ. ಬಸ್ಸು ಶ್ರೀರಂಗಪಟ್ಟಣ ದಾಟುವಾಗ ಅಕ್ಕ ಆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು.

ಜೋಡಿಸಿದವಳು ಸುಮಾಳೇ. ಕಣಜದ ಕೋಣೆಯ ನೆಲದ ಮೇಲೆ ಚಾಪೆ ಹಾಸಿ, ವೀಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುತ್ತ, ಒಂದೊಂದೇ ತಿರುಪು ಬಿಗಿದಳು. ಗುಂಡಿ ಒತ್ತಿದಾಗ ಕ್ಯಾಬಿನೆಟ್ಟು ಬಣ್ಣಬಣ್ಣವಾಗಿ ಬೆಳಗಿತು, ನೋಡಲು ಬಂದವರೆಲ್ಲ ಅದನ್ನು ಯಾರು ಕೊಟ್ಟರೆಂದು ವಿಚಾರಿಸಿ ಕೊಟ್ಟವರನ್ನು ಮೆಚ್ಚಿದರು. ಟೀವಿಯಲ್ಲಿ ಅಕ್ಷರ ಸ್ವಲ್ಪ ಮಸುಕು, ಎರಡು ಮೊಳ ದೂರ ಕೂತರೆ ಸರಿಹೋಗುತ್ತದೆಂದು ಸುಮಾ ಸಮಾಧಾನ ಹೇಳಿಕೊಂಡಳು. ಆಷಾಢ ಮುಗಿಯಲು ನಾಲ್ಕು ದಿನವಿರುವಾಗ ಮುದ್ರಣದ ಅಂಗಡಿಯ ಯಜಮಾನ ಪರೀಕ್ಷೆಗೆಂದು ಒಂದು ಪತ್ರಿಕೆ ಕಳಿಸಿದ, ಅದು ಒಪ್ಪಿಗೆಯಾಗಿ, ಶ್ರಾವಣದಲ್ಲಿ ಒಂದರ ಹಿಂದೊಂದು ಬರತೊಡಗಿದವು.

ಆ ಶ್ರಾವಣದ ಒಂದು ಮಧ್ಯಾಹ್ನ ನಾನು ಸಿಂಧಘಟ್ಟಕ್ಕೆ ಹೋದಾಗ ಸುಮಾ ಕೆಲಸದಲ್ಲಿ ಮುಳುಗಿದ್ದಳು. ಅವಳ ಹಿಂದೆ ಅಕ್ಕ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತು, ಟೀವಿಯಲ್ಲಿ ಮೂಡುತ್ತಿದ್ದ ಲಗ್ನಪತ್ರಿಕೆಯ ಗಂಡು ಯಾವ ಊರಿನವನು, ಹೆಣ್ಣು ಯಾರ ಮಗಳು ಎಂದು ಓದುತ್ತಿದ್ದಳು. ಇದ್ದಕ್ಕಿದ್ದಂತೆ ಬಲ್ಬು ಕೆಂಪಗಾಯಿತು, ಫ್ಯಾನು ತಿರುಗಲೋ ಬೇಡವೋ ಎಂದು ಸೋತಿತು. ಗದ್ದೆಗಳ ಕಡೆ ಮೋಟಾರುಗಳು ಎದ್ದಿದ್ದವು. ನಾನು ಆ ಕಪ್ಪು ಡಬ್ಬವಿದ್ದ ಮೂಲೆಯನ್ನೇ ನೋಡಿದೆ. ಟೀವಿ ಆರಲಿಲ್ಲ, ಕಂಪ್ಯೂಟರು ನಿಲ್ಲಲಿಲ್ಲ.

"ತಡೀತು," ಎಂದಳು ಅಕ್ಕ, ನನಗೆ ಮಾತ್ರ ಕೇಳುವಂತೆ.

ಸುಮಾಳಿಗೆ ಅದು ಕೇಳಿಸಲಿಲ್ಲ. ಬಲ್ಬು ಮಂಕಾದದ್ದೂ ಅವಳಿಗೆ ತಿಳಿದಂತಿರಲಿಲ್ಲ. ಸಂಜೆಯೊಳಗೆ ಪತ್ರಿಕೆ ಹೋಗಬೇಕಿತ್ತು. ವಧುವಿನ ಹೆಸರಿನ ಸುತ್ತ ಒಂದು ಬಳ್ಳಿಯನ್ನು ಬಗ್ಗಿಸುತ್ತ, ಅವಳು ತಲೆ ಎತ್ತದೆ ಕೆಲಸ ಮಾಡುತ್ತಲೇ ಇದ್ದಳು.