ವನಜಕ್ಕನ ಪ್ರದಕ್ಷಿಣೆ

ವಾಕಿಂಗಿಗೆ ಕರೆದೊಯ್ಯಲು ನಾನು ಎಷ್ಟು ಬೇಗ ಹೋದರೂ ವನಜಕ್ಕ ಹೇವರ್ಡ್‌ನ ತಮ್ಮ ಅಪಾರ್ಟ್‌ಮೆಂಟಿನ ಮುಂದೆ ಹೆಗಲಿಗೆ ಚೀಲ ಹಾಕಿಕೊಂಡು ನಿಂತೇ ಇರುತ್ತಿದ್ದರು. ಹಾಸನದ ಕಡೆಯವರು, ಅರವತ್ತು ದಾಟಿದ್ದರೂ ನಮ್ಮ ಭಾನುವಾರದ ವಾಕಿಂಗ್ ಗುಂಪಿನಲ್ಲಿ ಗುಡ್ಡ ಹತ್ತುವಾಗ ಎಲ್ಲರಿಗಿಂತ ಮುಂದೆ. “ನಾನು ಬೇಕಾದ್ರೆ ಕಾಯ್ತೀನಿ ಕಣೇ, ನನಗೋಸ್ಕರ ಯಾರೂ ಕಾಯ್ಬಾರ್ದು,” ಎನ್ನುತ್ತಿದ್ದರು. ಗುಂಪು ಮೆಡಿಟರೇನಿಯನ್ ಕ್ರೂಸಿಗೆ ಹೊರಟಾಗ ಅವರ ಆಸೆ ಒಂದೇ, ಜ್ವಾಲಾಮುಖಿಯ ಬಾಯಿ ನೋಡಬೇಕು. “ಒಂದು ಊರನ್ನೇ ನುಂಗಿದ್ದು ಅಂದ್ರೆ ಒಂದ್ಸಲ ಬಗ್ಗಿ ನೋಡ್ಬೇಡ್ವಾ?”

ಹಡಗು ನೇಪಲ್ಸಿನಲ್ಲಿ ನಿಂತದ್ದು ಒಂದೇ ಹಗಲು. ಬೆಳಿಗ್ಗೆ ಪಾಂಪೆ ಊರಿನ ಅವಶೇಷ, ಮಧ್ಯಾಹ್ನ ಅದನ್ನು ನುಂಗಿದ ವೆಸೂವಿಯಸ್ ಬೆಟ್ಟ, ಸಂಜೆಗೆ ವಾಪಸ್. ಬೆಟ್ಟದ ಟಿಕೆಟ್ಟಿಗೆ ಸಮಯ ಗೊತ್ತುಮಾಡಿದ್ದರು. ಪಾಂಪೆಯಲ್ಲಿ ಬರೀ ಕಂಬಗಳುಳಿದ ಒಂದು ಗುಡಿ. ನಾವೆಲ್ಲ ಶೂ ಹಾಕಿಕೊಂಡೇ ಫೋಟೋ ತೆಗೆಸಿಕೊಂಡು ಮುಂದೆ ಹೋದೆವು. ವನಜಕ್ಕ ಶೂ ಕಳಚಿಟ್ಟು ಪ್ರದಕ್ಷಿಣೆ ಹೊರಟರು. ಸುತ್ತಿ ಬರುವಷ್ಟರಲ್ಲಿ ಶೂ ಇಲ್ಲ! ಯಾರೋ ಬಿಟ್ಟುಹೋದದ್ದೆಂದು ಕಾವಲಿನವನು ಎತ್ತಿಕೊಂಡು ಹೋಗಿದ್ದ. ಅವನನ್ನು ಹುಡುಕಿ, ಶೂ ಬಿಡಿಸಿಕೊಂಡು ಅವರು ಬರುವ ಹೊತ್ತಿಗೆ ಬಸ್ಸಿನಲ್ಲಿ ಎಲ್ಲರೂ ಮುಖ ಊದಿಸಿಕೊಂಡು ಕೂತಿದ್ದೆವು.

“ಆಂಟೀ, ಆ ಟೆಂಪಲ್ಲಲ್ಲಿ ಪೂಜೆ ನಿಂತು ಎಷ್ಟು ಕಾಲ ಆಯ್ತು!” ಪ್ರವಾಸದ ಏರ್ಪಾಡು ಮಾಡಿದ್ದ ನನ್ನ ಗಂಡ ಸಿಡುಕಿದ.

“ಪೂಜೆ ನಿಂತ್ರೆ ದೇವ್ರು ಎದ್ದು ಹೋಗ್ತಾನೇನಪ್ಪಾ?” ಎಂದರು. ದನಿ ಉಡುಗಿಹೋಗಿತ್ತು.

ಬೆಟ್ಟದ ಗೇಟಿನಲ್ಲಿ ನಮ್ಮ ಸಮಯ ಮೀರಿತ್ತು, ಒಳಗೆ ಬಿಡಲಿಲ್ಲ. ಬಂದರಿನಲ್ಲಿ ವನಜಕ್ಕ ಮೊದಲು ಇಳಿದು, ಬಸ್ಸಿನ ಬಾಗಿಲಲ್ಲಿ ನಿಂತು, ಇಳಿದ ಪ್ರತಿಯೊಬ್ಬರಿಗೂ ಕೈ ಮುಗಿದರು. ಮಕ್ಕಳಿಗೂ. “ನನ್ನಿಂದ ನಿಮ್ಗೆ ಬೆಟ್ಟ ತಪ್ಪೋಯ್ತು.” ನಾವು “ಇಟ್ಸ್ ಓಕೆ ಆಂಟಿ” ಎನ್ನುತ್ತ ನೆಲ ನೋಡಿಕೊಂಡು ದಾಟಿದೆವು. ಬೆಟ್ಟ ಅವರಿಗೂ ತಪ್ಪಿದೆಯೆಂದು ಒಬ್ಬರಾದರೂ ಹೇಳಲಿಲ್ಲ. ನೆನೆದರೆ ಈಗಲೂ ನಾಚಿಕೆಯಿಂದ ತಲೆ ತಗ್ಗುತ್ತದೆ.

ಆಮೇಲೆ ವನಜಕ್ಕ ಮಂಡಿನೋವೆಂದು ಭಾನುವಾರ ವಾಕಿಂಗಿಗೆ ಬರುವುದನ್ನು ಬಿಟ್ಟರು. ಅವರ ಪ್ರದಕ್ಷಿಣೆ ಮಾತ್ರ ಎಲ್ಲರೂ ಒಂದೊಂದು ಅಡಿಗೆ ತಂದು ಉಣ್ಣುವ ನಮ್ಮ ಪಾಟ್‌ಲಕ್ಕುಗಳ ಖಾಯಂ ಜೋಕಾಯಿತು.

ಮಗಳ ಜೊತೆ ಟೆಕ್ಸಾಸಿಗೆ ಹೋಗಿ ನೆಲೆಸುವ ಮೊದಲು ಅವರನ್ನು ಊಟಕ್ಕೆ ಕರೆದಿದ್ದೆ. ನನ್ನ ಗಂಡ ಅವರೆದುರೇ ಹೊಸಬರೊಬ್ಬರಿಗೆ ಶುರುಮಾಡಿದ: “ಆ ಕಂಬದ ದೇವ್ರು ಕಾಣಿಕೆ ಅಂತ ಶೂ ಹೊತ್ಕೊಂಡು...” ವನಜಕ್ಕ ಥಟ್ಟನೆ ಬಾಯಿ ಹಾಕಿ, ಬುದ್ಧಿಯಿಲ್ಲದ ಮುದುಕಿಯೊಬ್ಬಳು ಶೂಗಾಗಿ ಪರದಾಡಿದ ಕಥೆಯನ್ನು ತಾವೇ ಹೇಳಿ ಮುಗಿಸಿದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ.

ಅಡಿಗೆಮನೆಯಲ್ಲಿ, “ಬೇಜಾರಾಯ್ತಾ ವನಜಕ್ಕ?” ಎಂದೆ.

“ಬಿಡೇ. ನಾನು ಹೇಳಿದ್ರೆ ನನ್ನ ನೋಡಿ ನಗ್ತಾರೆ. ಅವನು ಹೇಳಿದ್ರೆ ದೇವ್ರನ್ನ ನೋಡಿ ನಗ್ತಾರೆ.”

ಮರುವಾರ ಅವರು ಹೊರಟುಹೋದರು. ನನ್ನ ಗಂಡ ಆ ಕಥೆಯನ್ನು ಈಗಲೂ ಹೇಳುತ್ತಾನೆ. ನಾನು ನೀರು ತರುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತೇನೆ. ನಿಲ್ಲಿಸು ಎನ್ನುವ ಧೈರ್ಯ ಇನ್ನೂ ಬಂದಿಲ್ಲ.