ಜಾಗ ಬಿಟ್ಟ ಕೆಂಪು ಚುಕ್ಕಿ

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿತ್ತು. ನಾನು ಬೈಲಹೊಂಗಲದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನನ್ನ ಕ್ಲಾಸಿನಲ್ಲಿ ರಾಮದುರ್ಗದ ಕಡೆಯ ಹುಡುಗಿಯೊಬ್ಬಳಿದ್ದಳು. ನಗು ಬಂದರೆ ಸಾಕು, ವೇಲಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅವಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು. ಒಂದು ದಿನ ಕೇಳಿದೆ. "ನಮ್ಮೂರಾಗ ಎಲ್ಲಾರವೂ ಹಿಂಗ ಅದಾವ್ರಿ ಮೇಡಂ" ಅಂದಳು. ಅಷ್ಟೇ ಮಾತು. ಆ ಬೇಸಿಗೆ ಪೂರ್ತಿ ನಾನು ಬಸ್ಸು ಹತ್ತಿ ಅವರ ಊರಿಗೂ ಸುತ್ತಲಿನ ಹಳ್ಳಿಗಳಿಗೂ ಹೋಗಿ, ಬಾಟಲಿಗಳಲ್ಲಿ ಬೋರಿನ ನೀರು ತಂದು ಹಲ್ಲು ಕೆಡಿಸುವ ಫ್ಲೋರೈಡ್ ಎಷ್ಟಿದೆ ಅಂತ ಪರೀಕ್ಷೆ ಮಾಡಿದೆ.

ಅವಳದು ಗುಡ್ಡದ ಬುಡದ ಊರು. ಅಲ್ಲಿಯ ನೀರು ಕುಡಿಯುವ ಹಂಗೇ ಇರಲಿಲ್ಲ. ಹೊಳೆಯ ದಂಡೆಗಿರುವ ಇನ್ನೊಂದು ಊರಿನ ನೀರು ಒಳ್ಳೆಯದಿತ್ತು. ಆ ಊರಿನ ಹಿರಿಯರೊಬ್ಬರು ತಮ್ಮ ತೋಟದ ಬಾವಿಯ ನೀರನ್ನು ತಾವೇ ಸೇದಿ ಕೊಟ್ಟಿದ್ದರು. ಬಿಸಿಲಿಗೆ ಬಂದೀರಿ ಅಂತ ಮಜ್ಜಿಗೆ ಕುಡಿಸದೆ ಬಿಟ್ಟಿರಲಿಲ್ಲ. ಪರೀಕ್ಷೆ ಆದಮೇಲೆ ಮತ್ತೆ ಹೋಗಿ, ನಿಮ್ಮ ನೀರು ಒಳ್ಳೆಯದಿದೆ ಅಂತ ಅವರಿಗೆ ಹೇಳಿ ಬಂದಿದ್ದೆ.

ರಾಮದುರ್ಗದಲ್ಲಿ ಒಂದು ಸಭೆ ಇದೆ, ಅಧಿಕಾರಿಗಳೂ ಊರ ಮಂದಿಯೂ ಬರುತ್ತಾರೆ, ನಿಮ್ಮ ಕೆಲಸ ತೋರಿಸಿ ಅಂತ ಕರೆ ಬಂತು. ನಾನು ಸ್ಲೈಡು ಮಾಡಲು ಕುಳಿತೆ. ಕಂಪ್ಯೂಟರು ನನಗೆ ಆಗ ಹೊಸದು. ಮೌಸ್ ಹಿಡಿದರೆ ಕೈ ಬೆವರುತ್ತಿತ್ತು. ಆದರೂ ಕಾಲೇಜಿನ ಲ್ಯಾಬಿನಲ್ಲಿ ಎರಡು ವಾರ ಕುಳಿತು ಮಾಡಿದೆ. ಹಳ್ಳಿಯ ಹೆಣ್ಣುಮಕ್ಕಳ ಫೋಟೋ, ಬೋರಿನ ಫೋಟೋ, ಎಲ್ಲಕ್ಕಿಂತ ಮುಖ್ಯ ಒಂದು ನಕ್ಷೆ. ಸ್ಲೈಡಿನಲ್ಲಿ ನಕ್ಷೆಯ ಚಿತ್ರ ಅಡಿಯಲ್ಲಿ. ಅದರ ಮೇಲೆ ನಾನು ಒಂದೊಂದಾಗಿ ಕೂರಿಸಿದ ಚುಕ್ಕಿಗಳು: ಕೆಟ್ಟ ನೀರಿನ ಊರಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು.

ಸಭೆಯವರು ಫೈಲನ್ನು ಮೊದಲೇ ಇ-ಮೇಲ್ ಮಾಡಿ ಅಂದರು. ಫೈಲು ದೊಡ್ಡದು, ಹೋಗಲೇ ಇಲ್ಲ. ಲ್ಯಾಬಿನ ಉಸ್ತುವಾರಿ ನಮ್ಮ ಹಿರಿಯ ಲೆಕ್ಚರರೊಬ್ಬರದು. ಅವರು ಬಂದು ಹೆಗಲ ಮೇಲಿಂದ ಇಣುಕಿ ನೋಡಿದರು.

"ಬಿಡ್ರಿ ಮೇಡಂ, ನಾ ಸಣ್ಣದು ಮಾಡಿ ಕಳಸ್ತೇನಿ. ನೀವು ಬರೇ ಬಂದು ಮಾತಾಡ್ರಿ."

"ಸರ್, ಕಳಸೂಕಿಂತ ಮೊದಲ ನಂಗೊಮ್ಮೆ ತೋರಸ್ರಿ" ಅಂದೆ.

"ಆತ್ರಿ, ಆತ್ರಿ."

ತೋರಿಸಲಿಲ್ಲ. ನಾನೂ ಬೆನ್ನು ಹತ್ತಲಿಲ್ಲ, ಅದು ನನ್ನ ತಪ್ಪು. ಹಳೆಯ ಫೈಲನ್ನು ಸಿಡಿಗೆ ಹಾಕಿಕೊಂಡು ಹೋಗಬೇಕಿತ್ತು. ಅದನ್ನೂ ಮಾಡಲಿಲ್ಲ.

ಸಭೆಯ ದಿನ ನಮ್ಮ ಬಸ್ಸು ಯರಗಟ್ಟಿಯ ಹತ್ತಿರ ಪಂಕ್ಚರ್ ಆಯಿತು. ನಾನು ರಾಮದುರ್ಗ ಮುಟ್ಟುವಷ್ಟರಲ್ಲಿ ಸಭಾಭವನ ತುಂಬಿತ್ತು. ಹಿರಿಯ ಸರ್ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಬ್ಯಾಗು ಇಟ್ಟು ನೇರ ಮೈಕಿನ ಮುಂದೆ ನಿಂತೆ. ಪ್ರೊಜೆಕ್ಟರು ಹತ್ತಿತು.

ಮೊದಲ ಫೋಟೋ ಬಂತು. ನೀರು ತುಂಬುತ್ತಿದ್ದ ಹೆಣ್ಣುಮಕ್ಕಳ ಮುಖಗಳನ್ನು ಆಚೀಚೆ ಹಿಡಿದು ಎಳೆದ ಹಾಗಿತ್ತು. ಎಲ್ಲರೂ ಗಿಡ್ಡ, ಎಲ್ಲರೂ ಅಗಲ. ಹಿಂದಿನಿಂದ ಯಾರೋ ನಕ್ಕರು. ಮುಂದಿನ ಸ್ಲೈಡಿನಲ್ಲಿ ನನ್ನ ಅಕ್ಷರಗಳು ಫೋಟೋದ ಮೇಲೆ ಹತ್ತಿ ಕುಳಿತಿದ್ದವು. ಹಲ್ಲು ಕಚ್ಚಿ ಮಾತಾಡುತ್ತ ಮುಂದೆ ಹೋದೆ. ಆಮೇಲೆ ನಕ್ಷೆ ಬಂತು.

ಅದನ್ನು ಕಂಡ ಕೂಡಲೇ ಏನಾಗಿದೆ ಅಂತ ತಿಳಿಯಿತು. ಫೈಲು ಹಗುರ ಮಾಡಲು ಹಿರಿಯ ಸರ್ ಚಿತ್ರಗಳನ್ನೆಲ್ಲ ಹೊರಗೆ ತೆಗೆದು, ಸಣ್ಣ ಮಾಡಿ, ಮತ್ತೆ ಒಳಗೆ ತುರುಕಿದ್ದರು. ನಕ್ಷೆ ಕುಗ್ಗಿ ಒಂದು ಬದಿಗೆ ಸರಿದಿತ್ತು. ಚುಕ್ಕಿಗಳು ಮಾತ್ರ ನಾನು ಇಟ್ಟ ಜಾಗದಲ್ಲೇ ನಿಂತಿದ್ದವು. ಗುಡ್ಡದ ಬುಡದ ಊರಿನ ಕೆಂಪು ಚುಕ್ಕಿ ಹೊಳೆ ದಂಡೆಯ ಊರಿನ ಮೇಲೆ ಬಂದು ಕುಳಿತಿತ್ತು. ಗುಡ್ಡದ ಊರಿನ ಮೇಲೆ ಹಸಿರು.

ನಾನು ಬಾಯಿ ತೆರೆಯುವ ಮೊದಲೇ ನಡುವಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಮಜ್ಜಿಗೆ ಕುಡಿಸಿದ ಆ ಹಿರಿಯರೇ.

"ಅಕ್ಕಾರ, ನಮ್ಮೂರಿಗೆ ಕೆಂಪ ಯಾಕ ಹಚ್ಚೀರಿ? ನಮ್ಮ ನೀರು ಚಲೋ ಐತಿ ಅಂತ ನೀವ ಹೇಳಿ ಹೋಗಿದ್ರಲ್ಲ? ನಾಳೆ ನಮ್ಮೂರಿಗೆ ಹೆಣ್ಣು ಯಾರು ಕೊಡತಾರ್ರಿ?"

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಹಿರಿಯ ಸರ್ ಮುಂದಿನ ಸಾಲಿನಿಂದಲೇ ಕೈಸನ್ನೆ ಮಾಡಿ ಪಿಸುಗುಟ್ಟಿದರು.

"ಮುಂದ ಹೋಗ್ರಿ ಮೇಡಂ. ತಪ್ಪಾಗೇತಿ ಅಂತ ಬಾಯಿಲೆ ಹೇಳಿ ಮುಗಸ್ರಿ. ಒಂದು ಚುಕ್ಕಿ, ಯಾರು ನೋಡತಾರ?"

ಮೈಯೆಲ್ಲ ಉರಿ ಎದ್ದಿತು. ಅಷ್ಟು ಮಂದಿಯ ಮುಂದೆ ಹಿರಿಯರಿಗೆ ಎದುರಾಡಿದವಳಲ್ಲ ನಾನು. ಅವತ್ತು ಮೈಕಿನಲ್ಲೇ ಆಡಿದೆ. "ಸರ್, ಬಾಯಿಲೆ ಹೇಳಿದ್ದು ಗಾಳಿಗೆ ಹೋಗತೈತಿ. ಗ್ವಾಡಿ ಮ್ಯಾಲ ಕಂಡದ್ದು ಊರೂರಿಗೆ ಹೋಗತೈತಿ. ಇದನ್ನ ಸರಿ ಮಾಡೂತನಕ ನಾ ಮುಂದಿನ ಮಾತು ಆಡೂದಿಲ್ಲ."

ಹಿರಿಯ ಸರ್ ಮುಖ ಕೆಂಪಗಾಯಿತು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಗಡಿಯಾರ ನೋಡಿಕೊಂಡು, "ಹತ್ತು ನಿಮಿಷ ತಗೊಳ್ರಿ" ಅಂದರು.

ಪ್ರೊಜೆಕ್ಟರ್ ಆರಿಸಲಿಲ್ಲ. ಎಲ್ಲರ ಎದುರಿಗೇ ಕುಳಿತು ಸರಿ ಮಾಡತೊಡಗಿದೆ. ನಕ್ಷೆಯ ಮೂಲೆ ಹಿಡಿದು ಎಳೆದೆ. ಒಮ್ಮೆ ಹೆಚ್ಚಾಯಿತು, ಒಮ್ಮೆ ಕಡಿಮೆಯಾಯಿತು. ಗೋಡೆಯ ಮೇಲೆ ಹಳ್ಳಿಗಳು ಅತ್ತಿತ್ತ ಜೋಲಿ ಹೊಡೆಯುತ್ತಿದ್ದವು. ಆ ಹಿರಿಯರು ಕುಳಿತಿರಲಿಲ್ಲ. ಮೆಲ್ಲಗೆ ಮುಂದೆ ಬಂದು ಗೋಡೆಯ ಹತ್ತಿರ ನಿಂತರು.

"ಅಕ್ಕಾರ, ಹೊಳಿ ಇಲ್ಲಿ ತಿರಗತೈತಿ ನೋಡ್ರಿ. ಆ ತಿರುವಿಗೆ ನಮ್ಮೂರು. ಇನ್ನೊಂದೀಟು ಬಲಕ್ಕ ಎಳೀರಿ."

ಎಳೆದೆ.

"ಹಾಂ. ಈಗ ನಿಲ್ಲಸ್ರಿ."

ಹೊಳೆ ದಂಡೆಯ ಊರಿನ ಮೇಲೆ ಹಸಿರು ಬಂತು. ನನ್ನ ನೋಟುಬುಕ್ಕು ತೆಗೆದು ಒಂದೊಂದೇ ಊರಿನ ಹೆಸರು ಗಟ್ಟಿಯಾಗಿ ಓದಿ ಚುಕ್ಕಿಗಳನ್ನು ತಾಳೆ ನೋಡಿದೆ. ಆಯಾ ಊರಿನವರು "ಹೌದ್ರಿ" ಅಂದಮೇಲೆಯೇ ಮುಂದಿನದು. ಕೊನೆಗೆ ಗುಡ್ಡದ ಬುಡದ ಊರು ಉಳಿಯಿತು. ಅದರ ಮೇಲೆ ಕೆಂಪು. ಆ ಊರಿನಿಂದ ಬಂದಿದ್ದವರು ಒಬ್ಬರೇ, ನನ್ನ ವಿದ್ಯಾರ್ಥಿನಿಯ ತಾಯಿ. ಈ ಮಾತು ಅವರಿಗೆ ಹೇಗೆ ತಟ್ಟೀತೋ ಅಂತ ಹೆಸರು ಓದುವಾಗ ನನ್ನ ದನಿ ಇಳಿಯಿತು.

ಆಕೆ ಎದ್ದು, ಸೆರಗು ಸರಿಮಾಡಿಕೊಂಡು ಅಂದರು, "ಹೌದ್ರಿ, ಅದು ನಮ್ಮೂರ. ಕೆಂಪ ಅಲ್ಲೇ ಇರಲಿ. ಹಸರ ಹಚ್ಚಿದ್ರ ನಮಗ್ಯಾರು ನೀರು ಕೊಡತಾರ?"

ಅಧಿಕಾರಿ ಪೆನ್ನು ತೆಗೆದು ಬರೆದುಕೊಂಡರು. ನಾನು ಉಳಿದ ಸ್ಲೈಡುಗಳನ್ನು ತೋರಿಸಿದೆ. ಅಗಲಗೊಂಡ ಮುಖಗಳನ್ನು ಸರಿ ಮಾಡಲು ಮಾತ್ರ ಹೊತ್ತು ಸಿಗಲಿಲ್ಲ. ಆ ಹೆಣ್ಣುಮಕ್ಕಳಲ್ಲಿ ಇಬ್ಬರು ಸಭೆಯಲ್ಲೇ ಇದ್ದರು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ಆಭಾರ ಮನ್ನಣೆಯ ಹೊತ್ತಿಗೆ ಹಿರಿಯ ಸರ್ ಮೈಕು ಹಿಡಿದು, "ಸಣ್ಣ ತಾಂತ್ರಿಕ ದೋಷ ಆಗಿತ್ತು, ನಮ್ಮ ಮೇಡಂ ಅವರಿಗೆ ಕಂಪ್ಯೂಟರ್ ಹೊಸದು" ಅಂದರು. ಜನ ನಕ್ಕರು. ನಾನು ನಗಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಕೇಳಿದೆ, "ಕಂಪ್ಯೂಟರ್ ಹೊಸದು ನನಗೋ, ನಿಮಗೋ ಸರ್?"

"ಒಂದು ಚುಕ್ಕಿ ಸಲುವಾಗಿ ಇಷ್ಟು ರಂಪ ಮಾಡತೀರೇನ್ರಿ? ಆತು, ಸಾರಿ" ಅಂದರು, ಪೇಪರಿನಿಂದ ತಲೆ ಎತ್ತದೆ.

"ಸಾರಿ ನನಗಲ್ಲ. ಆ ಹಿರಿಯರ ಊರಿಗೆ ಹೋಗಿ ಅನ್ರಿ."

ಅವರು ಹೋಗಲಿಲ್ಲ. ಮುಂದೆ ಒಂದೂವರೆ ವರ್ಷ ನಾವಿಬ್ಬರೂ ಒಂದೇ ಟೇಬಲಿಗೆ ಕುಳಿತು ಚಹಾ ಕುಡಿದದ್ದಿಲ್ಲ. ಪ್ರಿನ್ಸಿಪಾಲರು ಕರೆದು, "ಹಿರಿಯರು, ಹೋಗಲಿ ಬಿಡ್ರಿ" ಅಂದರು. ಹೋಗಲಿ ಬಿಡಿ ಅಂತ ಹೇಳುವವರು ಯಾವಾಗಲೂ ನನ್ನ ಕಡೆಗೇ ಯಾಕೆ ನೋಡುತ್ತಾರೋ, ನನಗೆ ಅವತ್ತೂ ತಿಳಿಯಲಿಲ್ಲ.

ಗುಡ್ಡದ ಊರಿಗೆ ಹೊಳೆಯ ನೀರಿನ ಪೈಪು ಬರಲು ಮತ್ತೆರಡು ಬೇಸಿಗೆ ಹಿಡಿಯಿತು. ಅದು ನನ್ನ ಸ್ಲೈಡಿನಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಆದರೆ ಆ ಸಭೆ ಆದ ಮುಂದಿನ ಭಾನುವಾರವೇ, ಸರಿ ಮಾಡಿದ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟು ತೆಗೆಸಿ, ಸುರುಳಿ ಸುತ್ತಿ ಬಸ್ಸಿನಲ್ಲಿ ಹೊಳೆ ದಂಡೆಯ ಊರಿಗೆ ಒಯ್ದೆ. ಹಿರಿಯರು ಅದನ್ನು ಪಂಚಾಯ್ತಿ ಗೋಡೆಗೆ ಹಚ್ಚಿಸಿ, ಹಿಂದೆ ಸರಿದು ನಿಂತು ಒಂದು ಗಳಿಗೆ ನೋಡಿದರು.

"ಆ ಸರ್ ಬರಲಿಲ್ಲೇನ್ರಿ?" ಅಂದರು.

"ಇಲ್ರಿ."

"ಇರಲಿ. ಒಳಗ ಬರ್ರಿ, ಊಟ ಮಾಡಿಕೊಂಡ ಹೋಗೀರಂತ."

ಊಟ ಮಾಡಿದೆ. ಸಿಟ್ಟು ಇಳಿಯಲಿಲ್ಲ.