ಬಲಗಡೆಯ ಗುಂಡಿಗೆ

ಇಳಕಲ್ಲಿನ ಪವರ್‌ಲೂಮಿನಲ್ಲಿ ದುಡಿಯುವ ಶಿವಪುತ್ರನ ಮೂಗು ಹುಟ್ಟಿದಾಗಿನಿಂದ ಸೋರುತ್ತಲೇ ಇತ್ತು. ಬೇಸಿಗೆಯಲ್ಲಿ ಊರಿನ ನಲ್ಲಿಗಳೆಲ್ಲ ನಿಂತರೂ ತನ್ನದೊಂದು ನಿಲ್ಲುವುದಿಲ್ಲ ಎಂದು ಅವನೇ ಮೊದಲು ಹೇಳಿ ನಗುತ್ತಿದ್ದ. ಬೇರೆಯವರಿಗೆ ಆಡಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಈ ವರ್ಷ ಕೆಮ್ಮು ಜೋರಾಗಿ ಬಾಗಲಕೋಟೆಯ ದವಾಖಾನೆಗೆ ಹೋದ. ಎಕ್ಸ್‌ರೇ ತೆಗೆದವನು ಚಿತ್ರವನ್ನು ತಿರುವಿ ತಿರುವಿ ನೋಡಿದ. ಗುಂಡಿಗೆ ಬಲಗಡೆ ಇತ್ತು. ಡಾಕ್ಟರಮ್ಮ ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ ಕೂರಿಸಿಕೊಂಡು ಹೇಳಿದರು:

“ಉಸಿರಿನ ದಾರ್ಯಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲ ಇರ್ತಾವು. ಅವು ಬಡಕೋತ ಇದ್ದರ ಕಫ ಹೊರಗ ಬರ್ತೈತಿ. ನಿನ್ನ ಜೀನಿನ್ಯಾಗ ದೋಷ ಐತಿ, ಅವು ಬಡಿಯೂದಿಲ್ಲ. ತಾಯಿ ಹೊಟ್ಟ್ಯಾಗ ಇದ್ದಾಗ ಎಡ ಯಾವುದು, ಬಲ ಯಾವುದು ಅಂತ ಸುದ್ದಿ ಮುಟ್ಟಸೂವೂ ಇಂಥಾವ. ನಿನಗ ಸುದ್ದಿ ಮುಟ್ಟಲಿಲ್ಲ.”

“ಅಂದ್ರ ಒಳಗಿನ ಕೂಲಿಯವ್ರು ಹುಟ್ಟಿದಾಗಿಂದ ಹರತಾಳದಾಗ ಅದಾರ ಅನ್ರಿ.”

ಡಾಕ್ಟರಮ್ಮ ನಕ್ಕರು. ಆಮೇಲೆ ದನಿ ತಗ್ಗಿಸಿದರು. “ವೀರ್ಯದ ಬಾಲಾನೂ ಹಿಂಗ ಬಡೀಬೇಕು. ಮಕ್ಕಳಾಗೂದು ಕಷ್ಟ ಆಗಬಹುದು. ಉಪಾಯ ಅದಾವು. ಆದ್ರ ಲಗ್ನಾ ಆಗಾಕಿಗೆ ಮೊದಲ ಹೇಳು.”

ಲಗ್ನವಾಗುವವಳು ಪಕ್ಕದ ಓಣಿಯ ಸುಶ್ಮಿತಾ. ಸಾಲಿಯಲ್ಲಿ ಹಿಂದಿನ ಬೆಂಚಿನಿಂದ ಅವನತ್ತ ಕರ್ಚೀಫ್ ಎಸೆಯುತ್ತಿದ್ದವಳು. ಈಗಲೂ ಹಿರಿಯರ ಎದುರು ಮಾತ್ರ ಅವನಿಗೆ ‘ರಿ’ ಹಚ್ಚುತ್ತಿದ್ದಳು. ನಿಶ್ಚಯಕ್ಕೆ ಒಂದು ವಾರವಿತ್ತು.

ಬಲಗಡೆಯ ಗುಂಡಿಗೆಯ ಸುದ್ದಿಯನ್ನು ಶಿವಪುತ್ರ ಚಹಾದಂಗಡಿಯಲ್ಲೆಲ್ಲ ಹಂಚಿದ. ಕೆಲವರಿಗೆ ಕಿವಿಯಿಟ್ಟು ಕೇಳಲೂ ಬಿಟ್ಟ. ಎರಡನೆಯ ಸುದ್ದಿಯನ್ನು ಮಾತ್ರ ಕಫದ ಜೊತೆ ನುಂಗಿಕೊಂಡ.

ಅವನು ಸುಶ್ಮಿತಾಳ ಮನೆಗೆ ಹೋದಾಗ ಅವಳು ಕಟ್ಟೆಯ ಮೇಲೆ ಕೂತು ನೂಲು ಸುತ್ತುತ್ತಿದ್ದಳು.

“ಡಾಕ್ಟರ್ ಮತ್ತೇನರ ಹೇಳಿದ್ರೇನು ಶಿವ್ಯಾ?”

“ಇಲ್ಲ.”

“ಎದಿ ಮುಟ್ಕೊಂಡ ಹೇಳು.”

ಅವನು ಎದೆಯ ಎಡಗಡೆ ಕೈಯಿಟ್ಟ. “ಏನೂ ಇಲ್ಲ.”

“ಅಲ್ಲಿ ಖರೇನ ಏನೂ ಇಲ್ಲ,” ಎಂದು ಅವಳು ಅವನ ಕೈಯನ್ನು ಹಿಡಿದು ಬಲಕ್ಕೆ ಸರಿಸಿದಳು. “ಈಗ ಹೇಳು.”

ಅಂಗೈ ಅಡಿಯಲ್ಲಿ ಗುಂಡಿಗೆ ಮಗ್ಗದಂತೆ ಬಡಿಯುತ್ತಿತ್ತು. ಅವನು ಹೇಳಿದ. ಒಂದೂ ನಗೆಮಾತು ಸೇರಿಸದೆ, ಪೂರಾ ಹೇಳಿದ.

ಸುಶ್ಮಿತಾ ಕೈಯಲ್ಲಿದ್ದ ನೂಲು ಮುಗಿಯುವವರೆಗೂ ಸುತ್ತಿದಳು.

“ಲಗ್ನ ಆದ ಮ್ಯಾಲ ಹೇಳಿದ್ದರ ನಿನ್ನ ಮೂಗ ಮುರೀತಿದ್ದೆ. ಉಪಾಯ ಅದಾವು ಅಂದಾರಲ್ಲ?”

“ಅದಾವಂತ.”

“ಮುಂದಿನ ಸಲ ಇಬ್ಬರೂ ಕೂಡೇ ಹೋಗೂಣು. ನಮ್ಮಪ್ಪಗ ನಾ ಹೇಳ್ತೇನಿ.”

ಶಿವಪುತ್ರನ ಮೂಗಿನ ಜೊತೆ ಕಣ್ಣೂ ಸೋರತೊಡಗಿತು. ಅವಳು ಒಳಗೆ ಹೋಗಿ ಒಂದು ಕರ್ಚೀಫ್ ತಂದು ಅವನ ತೊಡೆಯ ಮೇಲೆ ಎಸೆದಳು.

“ತೊಗೋ. ಸಾಲ್ಯಾಗ ಕೊಟ್ಟಿದ್ದು ಇನ್ನೂ ವಾಪಸ್ ಬಂದಿಲ್ಲ.”